ಮಣೂಕದ ಆ್ಯಪ್‌ನಲ್ಲಿ ಚಕ್ರ ತಿರುಗುವುದನ್ನು ನಿಲ್ಲಿಸಿದ ಕೆಲಸ: ಹಂತ ಹಂತದ ದಾಖಲೆ

ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಅಂತ ನಾನು ಮತ್ತು ನನ್ನ ಗೆಳೆಯ ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್ ನಡೆಸುತ್ತಿದ್ದೇವೆ. ಅದರಲ್ಲಿ ಇರುವುದು ಎರಡೇ ವಿಷಯ. ಮುಂದಿನ 24 ತಾಸಿನ ಮಳೆ ಮುನ್ಸೂಚನೆ, ಮತ್ತು ವಿಜಯಪುರ, ತಾಸಗಾಂವ್, ಸಾಂಗ್ಲಿ ಮಾರುಕಟ್ಟೆಗಳ ಮಣೂಕದ (ಒಣದ್ರಾಕ್ಷಿಯ) ದರ. ಬಳಸುವವರು ಸುಮಾರು 300 ಜನ.

ಇದರಲ್ಲಿ ಮಳೆ ಯಾಕೆ ಅಷ್ಟು ಮುಖ್ಯ ಅಂತ ಹೊರಗಿನವರಿಗೆ ಹೇಳಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿ ಕೊಯ್ದು, ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆ ಮೇಲೆ ಹರಡುತ್ತಾರೆ. ಬಿಸಿಲಲ್ಲಲ್ಲ, ನೆರಳಲ್ಲೇ ಒಣಗಬೇಕು. ಎರಡು ವಾರದ ಆಸುಪಾಸು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅಕಾಲಿಕ ಮಳೆ ಹೊಡೆದರೆ ಮಣೂಕ ಕಪ್ಪಾಗುತ್ತದೆ, ದರ ಬಿದ್ದುಹೋಗುತ್ತದೆ. ಸುತ್ತ ತಾಡಪತ್ರಿ ಇಳಿಸಿ ಕಟ್ಟೋಕೆ ಆಳುಗಳನ್ನು ಕರೆಯಬೇಕು, ಅದಕ್ಕೆ ಹೊತ್ತು ಬೇಕು.

ತಿಕೋಟಾ ಕಡೆಯ ಒಬ್ಬ ಕಾಕಾ ಫೋನ್ ಮಾಡಿ, "ತಮ್ಮಾ, ನಿನ್ನ ಆ್ಯಪ್ ತಗದ್ರ ಬರೇ ಚಕ್ರ ತಿರಗತೈತಿ. ಅದು ತಿರಗಿ ಮುಗಿಯೂದ್ರಾಗ ಮಳಿ ಶುರುನ ಆಗಿರ್ತೈತಿ" ಅಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಆಗ ಕೈಗೆತ್ತಿಕೊಂಡ ರಿಪೇರಿಯ ದಾಖಲೆ ಇದು.

ಸಾಮಾನು: ತಿಂಗಳಿಗೆ ₹500ರ ಆಸುಪಾಸಿನ 1 ಜಿಬಿ ವರ್ಚುವಲ್ ಸರ್ವರ್. ಅದರ ಮೇಲೆ ಉತ್ತರ ತಯಾರಿಸುವ ಪೈಥಾನ್‌ನ ಫ್ಲಾಸ್ಕ್, ಅದನ್ನು ಓಡಿಸುವ ಗುನಿಕಾರ್ನ್, ಮುಂದೆ ನಿಂತು ರಿಕ್ವೆಸ್ಟ್ ಪಡೆಯುವ ಎಂಜಿನ್‌ಎಕ್ಸ್, ಡೇಟಾವನ್ನು ಮೆಮೊರಿಯಲ್ಲಿ ಇಡುವ ರೆಡಿಸ್. ಫೋನಿನಲ್ಲಿ ಕೋಟ್ಲಿನ್ ಭಾಷೆ, ರೂಮ್ ಡೇಟಾಬೇಸ್, ಹಿನ್ನೆಲೆ ಕೆಲಸಗಳನ್ನು ನಡೆಸುವ ವರ್ಕ್‌ಮ್ಯಾನೇಜರ್. ಪರೀಕ್ಷೆಗೆ ಅಂತ ಒಂದು ಹಳೇ ಫೋನ್, ಸೆಕೆಂಡ್ ಹ್ಯಾಂಡ್, ₹2,800. ಹವಾಮಾನದ ಎಪಿಐ (ಕೇಳಿದಾಗ ಮುನ್ಸೂಚನೆ ಕೊಡುವ ಹೊರಗಿನ ಸೇವೆ) ದಿನಕ್ಕೆ 1,000 ಕರೆಗಳವರೆಗೆ ಪುಕ್ಕಟೆ.

ಹಂತ 1: ಮೊದಲು ಅಳತೆ

ಕೋಡ್ ಮುಟ್ಟುವ ಮೊದಲು ಪ್ರತಿ ಕೆಲಸದ ಶುರು ಮತ್ತು ಕೊನೆಯ ಸಮಯವನ್ನು ಲಾಗ್‌ನಲ್ಲಿ ಬರೆಸಿದೆವು. ಹವಾಮಾನದ ಕರೆಗೆ 1.8 ಸೆಕೆಂಡ್. ದರ ಇರುವುದು ಆನ್‌ಲೈನ್ ಶೀಟ್‌ನಲ್ಲಿ, ಮಾರುಕಟ್ಟೆಯಲ್ಲಿರುವ ಗೆಳೆಯ ಹರಾಜು ಮುಗಿದ ಮೇಲೆ ತುಂಬುತ್ತಾನೆ. ಅದನ್ನು ಓದೋಕೆ 2.5 ಸೆಕೆಂಡ್. ಎರಡೂ ಒಂದರ ಹಿಂದೆ ಒಂದು ನಡೆಯುತ್ತಿದ್ದವು. ಊರಲ್ಲಿ 4ಜಿ ಮೇಲೆ ಆ್ಯಪ್ ತೆರೆಯಲು 5 ಸೆಕೆಂಡ್ ಆದರೆ, ಪಡದಲ್ಲಿ (ದ್ರಾಕ್ಷಿ ತೋಟದಲ್ಲಿ) ನಿಂತು ತೆಗೆದರೆ 11 ಸೆಕೆಂಡ್, ಕೆಲವೊಮ್ಮೆ ಪೂರ್ತಿ ಫೇಲ್.

ಬೆಳೆಗಾರ ಕಾಯುತ್ತಿದ್ದದ್ದು ನಮ್ಮ ಸರ್ವರ್‌ಗಾಗಿ ಅಲ್ಲ, ಅದರ ಹಿಂದಿರುವ ಇನ್ನೊಬ್ಬರ ಸರ್ವರ್‌ಗಾಗಿ. ಇದು ಅಳತೆಯಿಂದಲೇ ಗೊತ್ತಾಗಿದ್ದು.

ಹಂತ 2: ಸಾದಾ ಕ್ಯಾಶ್, 10 ನಿಮಿಷದ ಆಯುಷ್ಯ

ಒಮ್ಮೆ ಬಂದ ಉತ್ತರವನ್ನು ಮತ್ತೆ ಬಳಸಲು ಇಟ್ಟುಕೊಳ್ಳುವುದೇ ಕ್ಯಾಶ್. ಅದನ್ನು ರೆಡಿಸ್‌ನಲ್ಲಿ ಇಟ್ಟು 10 ನಿಮಿಷಕ್ಕೆ ಅಳಿಯುವಂತೆ ಮಾಡಿದೆವು. ಎಲ್ಲರೂ ಮೊದಲು ಮಾಡುವುದು ಇದನ್ನೇ, ಅಲ್ವಾ? ಲಾಭ ಏನೂ ಕಾಣಲಿಲ್ಲ. ಲಾಗ್ ನೋಡಿದರೆ ಹತ್ತರಲ್ಲಿ ಒಂಬತ್ತು ಸಲ ಕ್ಯಾಶ್‌ನಲ್ಲಿ ಏನೂ ಸಿಗುತ್ತಿರಲಿಲ್ಲ.

ಕಾರಣ ಕೀಲಿಯಲ್ಲಿತ್ತು, ಅಂದರೆ ಇಟ್ಟ ಉತ್ತರವನ್ನು ಹುಡುಕುವ ಹೆಸರಿನಲ್ಲಿ. ಫೋನಿನ ಜಿಪಿಎಸ್ ಕೊಟ್ಟ ಅಕ್ಷಾಂಶ ರೇಖಾಂಶವನ್ನು ಹಾಗೇ ಕೀಲಿಯಾಗಿ ಬಳಸಿದ್ದೆವು. ಒಂದೇ ಪಡದಲ್ಲಿ ಹತ್ತು ಹೆಜ್ಜೆ ಆಚೆ ಹೋದರೂ ಹೊಸ ಕೀಲಿ. ಅಂಕಿಯನ್ನು ಒಂದೇ ದಶಮಾಂಶಕ್ಕೆ ಇಳಿಸಿದೆವು. ವಿಜಯಪುರ ನಗರ 16.8, 75.7ರ ಚೌಕಕ್ಕೆ ಬರುತ್ತದೆ. ಒಂದು ಚೌಕ ಸುಮಾರು 11 ಕಿಲೋಮೀಟರ್. ಮುನ್ಸೂಚನೆಗೆ ಇಷ್ಟು ಸೂಕ್ಷ್ಮ ಸಾಕು. ನಮ್ಮ ಬಳಕೆದಾರರೆಲ್ಲ 20 ಚೌಕಗಳಲ್ಲಿ ಬಂದರು.

ಈಗ ಕ್ಯಾಶ್ ಕೆಲಸ ಮಾಡಿತು, ಆದರೆ ಇನ್ನೊಂದು ಕಾಟ ಶುರುವಾಯಿತು. ಬೆಳಗ್ಗೆ 6ರ ಸುಮಾರಿಗೆ ತುಂಬಾ ಜನ ಒಟ್ಟಿಗೆ ಆ್ಯಪ್ ತೆಗೆಯುತ್ತಾರೆ. ಅದೇ ಕ್ಷಣಕ್ಕೆ ಒಂದು ಚೌಕದ ಕ್ಯಾಶ್ ಅಳಿದಿದ್ದರೆ, ಅಷ್ಟೂ ಜನರ ಪರವಾಗಿ ಅಷ್ಟೂ ಕರೆಗಳು ಹವಾಮಾನದ ಎಪಿಐಗೆ ಹೋಗುತ್ತವೆ. ಅಲ್ಲಿಂದ 429 ಬಂತು, ಅಂದರೆ ಜಾಸ್ತಿ ಕರೆ ಮಾಡಿದ್ದೀರಿ ಅಂತ. ಆ ದಿನದ ಪುಕ್ಕಟೆ ಕರೆಗಳು ಮಧ್ಯಾಹ್ನಕ್ಕೇ ಮುಗಿದವು. ಇಲ್ಲಿ ಬೇಸಿಗೆಯ ಗಾಳಿ ಮಳೆ ಬರೋದೇ ಜಾಸ್ತಿ ಮಧ್ಯಾಹ್ನದ ಮೇಲೆ. ಬೇಕಾದ ಹೊತ್ತಿಗೇ ಆ್ಯಪ್ ಖಾಲಿ.

ಹಂತ 3: ಒಂದು ಆಯುಷ್ಯದ ಬದಲು ಎರಡು ಮಿತಿ

ಇಲ್ಲಿಂದ ಕೆಲಸ ಸರಿದಾರಿಗೆ ಬಂತು. ಪ್ರತಿ ಡೇಟಾಕ್ಕೆ ಎರಡು ಮಿತಿ ಇಟ್ಟೆವು. ತಾಜಾ ಮಿತಿ ದಾಟಿದರೆ ಇದ್ದದ್ದನ್ನೇ ತಕ್ಷಣ ಕೊಡಬೇಕು, ಹಿಂದೆ ಹೊಸದನ್ನು ತರಿಸಬೇಕು. ಕೊನೆ ಮಿತಿ ದಾಟಿದರೆ ಮಾತ್ರ ರೆಡಿಸ್‌ನಿಂದ ಅಳಿಯಬೇಕು. ಇದು ಹೊಸ ಉಪಾಯವಲ್ಲ. 2010ರ ಆರ್‌ಎಫ್‌ಸಿ 5861 ಅನ್ನುವ ಇಂಟರ್ನೆಟ್ ದಾಖಲೆಯಲ್ಲಿ ಸ್ಟೇಲ್-ವೈಲ್-ರಿವ್ಯಾಲಿಡೇಟ್ ಅನ್ನುವ ಹೆಸರಿನಲ್ಲಿ ಇದೇ ಇದೆ. ಮೂಲ ಕೆಟ್ಟಾಗ ಹಳೇದನ್ನು ಕೊಡುವ ಸ್ಟೇಲ್-ಇಫ್-ಎರರ್ ಕೂಡ ಅಲ್ಲೇ ಇದೆ.

ಮೊದಲ ಪ್ರಯತ್ನದಲ್ಲಿ, ಹೊಸದನ್ನು ತರುವ ಕೆಲಸವನ್ನು ಅದೇ ರಿಕ್ವೆಸ್ಟ್‌ನೊಳಗೆ ಒಂದು ಥ್ರೆಡ್ (ಜೊತೆಯಲ್ಲೇ ಓಡುವ ಉಪಕೆಲಸ) ತೆರೆದು ಬಿಟ್ಟೆವು. ಉತ್ತರ ಹೋಯಿತು, ಥ್ರೆಡ್ ಹಿಂದೆ ಓಡುತ್ತಿತ್ತು. ಆದರೆ ಮೆಮೊರಿ ಉಳಿಸೋಕೆ ಗುನಿಕಾರ್ನ್ ಕೆಲವು ನೂರು ರಿಕ್ವೆಸ್ಟ್‌ಗೊಮ್ಮೆ ತನ್ನ ವರ್ಕರ್‌ಗಳನ್ನು (ರಿಕ್ವೆಸ್ಟ್‌ಗೆ ಉತ್ತರಿಸುವ ಪ್ರೋಗ್ರಾಂಗಳನ್ನು) ಮುಚ್ಚಿ ಹೊಸದಾಗಿ ತೆರೆಯುವಂತೆ ಹೊಂದಿಸಿದ್ದೆವು. ವರ್ಕರ್ ಜೊತೆ ಥ್ರೆಡ್ಡೂ ನಡುವೆಯೇ ಸಾಯುತ್ತಿತ್ತು. ಎರರ್ ಇಲ್ಲ, ಲಾಗ್ ಇಲ್ಲ, ಡೇಟಾ ಸುಮ್ನೆ ಹಳೇದಾಗಿಯೇ ಉಳಿಯುತ್ತಿತ್ತು.

ಹಾಗಾಗಿ ತರುವ ಕೆಲಸವನ್ನು ಬೇರೆ ಪ್ರೊಸೆಸ್‌ಗೆ ಸಾಗಿಸಿದೆವು. ವೆಬ್ ಭಾಗ ತಾನು ಏನನ್ನೂ ತರುವುದಿಲ್ಲ. ಹಳೇದಾದ ಚೌಕದ ಹೆಸರನ್ನು ರೆಡಿಸ್‌ನ ಒಂದು ಸೆಟ್‌ಗೆ ಹಾಕಿ ಮುಂದೆ ಹೋಗುತ್ತದೆ. ಸೆಟ್ ಆಗಿರುವುದರಿಂದ ಐವತ್ತು ಜನ ಒಂದೇ ಹೆಸರು ಹಾಕಿದರೂ ಉಳಿಯುವುದು ಒಂದೇ. ಬೇರೆ ಪ್ರೊಸೆಸ್ ಅದನ್ನು ಎತ್ತಿಕೊಂಡು ತರುತ್ತದೆ. ಬೆಳಗಿನ 6ರ ನೂಕುನುಗ್ಗಲು ಅಲ್ಲಿಗೇ ಮುಗಿಯಿತು.

ಬೀಗದ ಬಗ್ಗೆ ಒಂದು ಮಾತು. ಮುಂದೆ ಬರುವ ಟೈಮರ್ ಮತ್ತು ಈ ಪ್ರೊಸೆಸ್ ಒಂದೇ ಚೌಕಕ್ಕೆ ಒಟ್ಟಿಗೆ ಕೈ ಹಾಕಬಾರದು ಅಂತ ರೆಡಿಸ್‌ನ ಸೆಟ್ ಕಮಾಂಡಿಗೆ ಎನ್‌ಎಕ್ಸ್ (ಮೊದಲೇ ಇಲ್ಲದಿದ್ದರೆ ಮಾತ್ರ ಬರೆ) ಮತ್ತು ಇಎಕ್ಸ್ (ಇಷ್ಟು ಸೆಕೆಂಡಿಗೆ ಅಳಿಸು) ಸೇರಿಸಿ 30 ಸೆಕೆಂಡಿನ ಬೀಗ ಹಾಕಿದೆವು. ಮೂಲದ ಉತ್ತರ 30 ಸೆಕೆಂಡ್ ದಾಟಿದಾಗ ಬೀಗ ತಾನೇ ಬಿಚ್ಚಿತು, ಎರಡನೆಯವ ಹೊಸ ಬೀಗ ಹಾಕಿದ. ಆಮೇಲೆ ಮೊದಲನೆಯವ ಕೆಲಸ ಮುಗಿಸಿ ಎರಡನೆಯವನ ಬೀಗವನ್ನು ಅಳಿಸಿದ. ಇದಕ್ಕೆ ಮದ್ದು ಎರಡು. ಬೀಗದ ಒಳಗೆ ಗುರುತಿನ ಅಂಕಿ ಇಟ್ಟು, ಅಳಿಸುವ ಮುನ್ನ ಅದು ತನ್ನದೇ ಅಂತ ಒಂದು ಸಣ್ಣ ಲುವಾ ಸ್ಕ್ರಿಪ್ಟ್‌ನಿಂದ ನೋಡುವುದು. ಜೊತೆಗೆ ಮೂಲಕ್ಕೆ ಹೋಗುವ ಕರೆಗೆ 8 ಸೆಕೆಂಡಿನ ಟೈಮ್‌ಔಟ್ (ಕಾಯುವ ಮಿತಿ). ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ನಾವಾಗಿ ಕೊಡದಿದ್ದರೆ ಟೈಮ್‌ಔಟ್ ಇರುವುದೇ ಇಲ್ಲ. ಇದು ಪ್ರತಿಯೊಬ್ಬರೂ ನೋಡಿಕೊಳ್ಳಬೇಕಾದ ಜಾಗ.

ದರದ ಪಟ್ಟಿ ಎಲ್ಲರಿಗೂ ಒಂದೇ. ಅದಕ್ಕೆ ಇಷ್ಟೆಲ್ಲ ಬೇಕಾಗಲಿಲ್ಲ. ಎಂಜಿನ್‌ಎಕ್ಸ್‌ನಲ್ಲೇ ಇದೇ ಕೆಲಸ ಮಾಡುವ ಪ್ರಾಕ್ಸಿ ಕ್ಯಾಶ್ ಬ್ಯಾಕ್‌ಗ್ರೌಂಡ್ ಅಪ್‌ಡೇಟ್ ಅನ್ನುವ ಆಯ್ಕೆ ಇದೆ, 1.11.10 ಆವೃತ್ತಿಯಿಂದ. ಅದರ ಜೊತೆ ಯೂಸ್ ಸ್ಟೇಲ್‌ನಲ್ಲಿ ಅಪ್‌ಡೇಟಿಂಗ್ ಅಂತಲೂ ಹಾಕಬೇಕು, ಇಲ್ಲದಿದ್ದರೆ ನಡೆಯುವುದಿಲ್ಲ. ಅರ್ಧ ತಾಸಿನ ಕೆಲಸ.

ಹಂತ 4: ಟೈಮರ್ ಮತ್ತು ಕರೆಗಳ ಲೆಕ್ಕ

ಯಾರೂ ಕೇಳದಿದ್ದರೂ ಮಳೆ ಡೇಟಾ ತಾಜಾ ಇರಬೇಕು, ಯಾಕಂದ್ರೆ ಎಚ್ಚರಿಕೆ ಕಳಿಸುವುದು ಅದರಿಂದಲೇ. 10 ನಿಮಿಷಕ್ಕೊಮ್ಮೆ ತಂದರೆ 20 ಚೌಕಕ್ಕೆ ದಿನಕ್ಕೆ 2,880 ಕರೆ. ಮಿತಿ 1,000. ಅರ್ಧ ತಾಸಿಗೊಮ್ಮೆ ಅಂದರೆ 960. ಅದರಲ್ಲಿ ಮತ್ತೆ ಪ್ರಯತ್ನಿಸೋಕೆ ಜಾಗವೇ ಉಳಿಯುವುದಿಲ್ಲ. ರಾತ್ರಿ 12ರಿಂದ 4ರವರೆಗೆ ತಾಸಿಗೊಮ್ಮೆ ಮಾಡಿದೆವು, 880ಕ್ಕೆ ಬಂತು. 120 ಕರೆ ಮರುಪ್ರಯತ್ನಕ್ಕೆ ಮೀಸಲು. ಮುನ್ಸೂಚನೆಯ ಮೂಲದಲ್ಲೇ ಅಂಕಿ 10 ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ. ಹಾಗಿರುವಾಗ ಪದೇ ಪದೇ ಕೇಳಿ ಸಿಗುವುದೇನೂ ಇಲ್ಲ.

ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿಸೋಕೆ ಕ್ರಾನ್ ಬಿಟ್ಟು ಸಿಸ್ಟಂಡಿ ಟೈಮರ್ ಹಿಡಿದೆವು. ಹಿಂದಿನ ಓಟ ಮುಗಿಯದಿದ್ದರೆ ಅದು ಇನ್ನೊಂದನ್ನು ಶುರು ಮಾಡುವುದಿಲ್ಲ. ಕ್ರಾನ್‌ಗೆ ಆ ಗೊಡವೆ ಇಲ್ಲ, ಒಂದರ ಮೇಲೊಂದು ಓಡಿಸುತ್ತದೆ. ರ‍್ಯಾಂಡಮೈಸ್ಡ್ ಡಿಲೇ 90 ಸೆಕೆಂಡ್ ಇಟ್ಟೆವು. ತಾಸು ಹೊಡೆದ ಕೂಡಲೇ ಎಲ್ಲರ ಸರ್ವರ್‌ಗಳೂ ಅದೇ ಎಪಿಐ ಮೇಲೆ ಬೀಳುತ್ತವೆ. ಸ್ವಲ್ಪ ತಡವಾಗಿ ಹೋದರೆ ಉತ್ತರ ಬೇಗ ಬರುತ್ತದೆ.

ಹಂತ 5: ಹೊಸದು ಅಂತ ಬಂದದ್ದೆಲ್ಲ ಒಳ್ಳೆಯದಲ್ಲ

ಒಂದು ಮಧ್ಯಾಹ್ನ ದರದ ಪಟ್ಟಿ ಪೂರ್ತಿ ಖಾಲಿ. ಶೀಟ್ ತುಂಬುವ ಗೆಳೆಯ ಹಳೇ ಸಾಲುಗಳನ್ನು ಅಳಿಸಿ ಹೊಸದು ಬರೆಯುತ್ತಿದ್ದ ಹೊತ್ತಿಗೇ ನಮ್ಮ ಓಟ ಅಲ್ಲಿಗೆ ಹೋಗಿತ್ತು. 200 (ಎಲ್ಲ ಸರಿ) ಅನ್ನುವ ಉತ್ತರ ಬಂತು, ಒಳಗೆ ಏನೂ ಇರಲಿಲ್ಲ, ಒಳ್ಳೆಯ ಹಳೇ ಪಟ್ಟಿಯ ಜಾಗಕ್ಕೆ ಆ ಖಾಲಿ ಪಟ್ಟಿ ಕೂತಿತು.

ಈಗ ಬದಲಿಸುವ ಮುನ್ನ ತಪಾಸಣೆ ಇದೆ. ಮೂರು ಮಾರುಕಟ್ಟೆಗಳ ಸಾಲು ಇರಬೇಕು. ದರ ಅಂಕಿಯಾಗಿರಬೇಕು. ಹಿಂದಿನ ದರದ ಅರ್ಧಕ್ಕಿಂತ ಕಡಿಮೆ ಅಥವಾ ದುಪ್ಪಟ್ಟಿಗಿಂತ ಜಾಸ್ತಿ ಇದ್ದರೆ ಹಳೇದನ್ನೇ ಇಟ್ಟುಕೊಂಡು ನಮಗೆ ಸುದ್ದಿ ಮುಟ್ಟಿಸಬೇಕು. ಅಳಿಸಿ ಬರೆಯುವ ಪದ್ಧತಿಯನ್ನೂ ಬಿಟ್ಟೆವು, ಹೊಸದನ್ನು ಒಂದೇ ಏಟಿಗೆ ಹಳೇದರ ಮೇಲೆ ಬರೆಯುತ್ತೇವೆ. ನಡುವೆ ಕ್ಷಣಮಾತ್ರವೂ ಖಾಲಿ ಇರುವುದಿಲ್ಲ.

ಹಂತ 6: ಎಲ್ಲ ಸರಿಯಾಗಿದೆ ಅನ್ನಿಸಿದ ದಿನ

ಈ ಹಂತಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಆ್ಯಪ್ ಚಕಚಕ ತೆರೆಯುತ್ತಿತ್ತು. ಎರರ್ ಒಂದೂ ಇರಲಿಲ್ಲ. ಆದರೆ ಬೆಳಗ್ಗಿನಿಂದ ಸಂಜೆವರೆಗೆ ಮಳೆಯ ಅಂಕಿ ಒಂದೇ ಇತ್ತು.

ಲಾಗ್‌ಗಳು ತುಂಬಿ ಸರ್ವರ್‌ನ ಡಿಸ್ಕ್ ಭರ್ತಿಯಾಗಿತ್ತು. ರೆಡಿಸ್ ಆಗಾಗ ತನ್ನ ಪ್ರತಿಯನ್ನು ಡಿಸ್ಕ್‌ಗೆ ಬರೆಯುತ್ತದೆ. ಆ ಬರವಣಿಗೆ ಫೇಲ್ ಆದರೆ, ಮೊದಲಿನಿಂದ ಇರುವ ಸೆಟ್ಟಿಂಗ್ ಪ್ರಕಾರ, ಅದು ಹೊಸ ಡೇಟಾ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಓದಲು ಮಾತ್ರ ಬಿಡುತ್ತದೆ. ತರುವ ಪ್ರೊಸೆಸ್ ಪ್ರತಿ ಸಲ ರೆಡಿಸ್‌ಗೆ ಬರೆಯಲಾಗದೆ ಬೀಳುತ್ತಿತ್ತು. ತನ್ನ ದೂರನ್ನು ಲಾಗ್‌ಗೆ ಬರೆಯೋಣ ಅಂದರೆ ಅಲ್ಲೂ ಜಾಗವಿಲ್ಲ. ವೆಬ್ ಭಾಗ ನೆಮ್ಮದಿಯಿಂದ ಹಳೇದನ್ನು ಕೊಡುತ್ತಲೇ ಇತ್ತು.

ಹಳೇದನ್ನು ಕೊಡುವ ವ್ಯವಸ್ಥೆ ಚೆನ್ನಾಗಿದ್ದಷ್ಟೂ ಹಿಂದಿನ ಕೆಡುಕು ಮುಚ್ಚಿಹೋಗುತ್ತದೆ. ಚಕ್ರ ತಿರುಗುತ್ತಿದ್ದಾಗ ಕಾಕಾ ಫೋನಾದರೂ ಮಾಡುತ್ತಿದ್ದರು. ಈಗ ಯಾರಿಗೂ ಗೊತ್ತಾಗುವುದಿಲ್ಲ.

ಮಾಡಿದ ರಿಪೇರಿ ಇಷ್ಟು. ಇದು ಕ್ಯಾಶ್ ಮಾತ್ರ, ಕಳೆದರೆ ಮತ್ತೆ ತರಬಹುದು, ಆದ್ದರಿಂದ ರೆಡಿಸ್ ಡಿಸ್ಕ್‌ಗೆ ಬರೆಯುವುದನ್ನು ಪೂರ್ತಿ ನಿಲ್ಲಿಸಿದೆವು. ಹಳೇ ಲಾಗ್‌ಗಳನ್ನು ಅಳಿಸುವ ಲಾಗ್‌ರೊಟೇಟ್ ಹಾಕಿ ಲಾಗ್‌ಗಳಿಗೆ 200 ಎಂಬಿ ಮಿತಿ. ಇನ್ನೊಂದು ಸಣ್ಣ ಸ್ಕ್ರಿಪ್ಟ್ 5 ನಿಮಿಷಕ್ಕೊಮ್ಮೆ ಎಲ್ಲ ಚೌಕಗಳಲ್ಲಿ ಅತಿ ಹಳೇದು ಯಾವುದು ಅಂತ ನೋಡುತ್ತದೆ. ಹಗಲು 70 ನಿಮಿಷ, ರಾತ್ರಿ 130 ನಿಮಿಷ ದಾಟಿದರೆ ನಮ್ಮಿಬ್ಬರಿಗೂ ಟೆಲಿಗ್ರಾಂ ಸಂದೇಶ. ಎರರ್ ಬಂತಾ ಅಂತ ಕಾಯುವುದಲ್ಲ, ಡೇಟಾದ ವಯಸ್ಸನ್ನೇ ಕಾಯಬೇಕು.

ಹಂತ 7: ಫೋನಿನ ಕಡೆ

ಪಡದಲ್ಲಿ ನೆಟ್‌ವರ್ಕ್ ಬರುವುದು, ಹೋಗುವುದು ನಡೆದೇ ಇರುತ್ತದೆ. ಹಾಗಾಗಿ ಆ್ಯಪ್ ತೆಗೆದ ಕೂಡಲೇ ಕಾಣುವುದು ರೂಮ್ ಡೇಟಾಬೇಸ್‌ನಲ್ಲಿರುವ ಕೊನೆಯ ಪ್ರತಿ. ತೆರೆಯಲು ಈಗ ಅರ್ಧ ಸೆಕೆಂಡೂ ಬೇಡ. ನೆಟ್ ಸಿಕ್ಕರೆ ಹೊಸದು ಹಿಂದಿನಿಂದ ಬರುತ್ತದೆ.

ಆ್ಯಪ್ ಮುಚ್ಚಿದ್ದಾಗ ತರಿಸಲು ವರ್ಕ್‌ಮ್ಯಾನೇಜರ್. ನಾವು ಬರೆದದ್ದು 10 ನಿಮಿಷ, ನಡೆದದ್ದು 15. ಅದಕ್ಕಿಂತ ಕಡಿಮೆ ಅದು ಒಪ್ಪುವುದಿಲ್ಲ, ತಾನೇ 15ಕ್ಕೆ ಏರಿಸಿಕೊಳ್ಳುತ್ತದೆ. ಆಮೇಲೆ 30 ನಿಮಿಷಕ್ಕೆ ಬದಲಿಸಿ ಹೊಸ ಆವೃತ್ತಿ ಬಿಟ್ಟೆವು. ಹಳೇ ಬಳಕೆದಾರರ ಫೋನ್‌ಗಳಲ್ಲಿ 15ರ ಹಳೇ ಪಾಳಿಯೇ ನಡೆಯುತ್ತಿತ್ತು, ಯಾಕಂದ್ರೆ ಕೆಲಸವನ್ನು ಕೀಪ್ ಅನ್ನುವ ನಿಯಮದಲ್ಲಿ ಸೇರಿಸಿದ್ದೆವು. ಆ ಹೆಸರಿನ ಕೆಲಸ ಮೊದಲೇ ಇದ್ದರೆ ಅದು ಹೊಸದನ್ನು ಮುಟ್ಟುವುದೇ ಇಲ್ಲ. ವರ್ಕ್‌ಮ್ಯಾನೇಜರ್ 2.8ರಲ್ಲಿ ಅಪ್‌ಡೇಟ್ ಅನ್ನುವ ನಿಯಮ ಬಂದಿದೆ, ಅದನ್ನು ಹಾಕಿದ ಮೇಲೆ ಸರಿಯಾಯಿತು.

ಇಷ್ಟಾದರೂ ಅರ್ಧ ತಾಸಿಗೊಮ್ಮೆ ಬಂದೇ ಬರುತ್ತದೆ ಅಂತಿಲ್ಲ. ಆಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ಬ್ಯಾಟರಿ ಉಳಿಸುವ ವ್ಯವಸ್ಥೆ ಇದೆ. ಫೋನನ್ನು ಶೆಡ್ಡಿನ ಗೂಟಕ್ಕೆ ತೂಗುಹಾಕಿ ಮುಟ್ಟದೆ ಬಿಟ್ಟರೆ ಅದು ನಿದ್ದೆಗೆ ಜಾರುತ್ತದೆ, ಹಿನ್ನೆಲೆ ಕೆಲಸಗಳೆಲ್ಲ ಮುಂದಕ್ಕೆ ಹೋಗುತ್ತವೆ. ಎಡಿಬಿ (ಕಂಪ್ಯೂಟರ್‌ನಿಂದ ಫೋನಿಗೆ ಕಮಾಂಡ್ ಕೊಡುವ ಸಾಧನ) ಮೂಲಕ ಹಳೇ ಫೋನನ್ನು ಬಲವಂತವಾಗಿ ಡೋಜ್‌ಗೆ ಕಳಿಸಿ ನೋಡಿದೆವು. ತಾಸುಗಟ್ಟಲೆ ಏನೂ ಬರಲಿಲ್ಲ. ಮಳೆಯ ಎಚ್ಚರಿಕೆಯನ್ನು ಇದರ ಮೇಲೆ ಬಿಡಲು ನನಗೆ ಧೈರ್ಯವಾಗಲಿಲ್ಲ. ಸರ್ವರ್‌ನಲ್ಲಿ ಹೊಸ ಮುನ್ಸೂಚನೆ ಬಂದು ಅದರಲ್ಲಿ ಮುಂದಿನ 6 ತಾಸಿನೊಳಗೆ ಮಳೆ ಕಂಡರೆ, ಆ ಚೌಕದವರಿಗೆ ಗೂಗಲ್‌ನ ಫೈರ್‌ಬೇಸ್ ಸೇವೆಯಿಂದ ಹೈ ಪ್ರಯಾರಿಟಿ ಸಂದೇಶ ಹೋಗುತ್ತದೆ. ಅದು ಡೋಜ್‌ನಲ್ಲೂ ಫೋನನ್ನು ಎಬ್ಬಿಸುತ್ತದೆ. ದರಕ್ಕೆ ವರ್ಕ್‌ಮ್ಯಾನೇಜರ್ ಸಾಕು, ತಾಸು ತಡವಾದರೆ ಯಾರ ಮಣೂಕವೂ ತೋಯುವುದಿಲ್ಲ.

ಡೇಟಾ ಖರ್ಚು ಉಳಿಸಲು ಇಟ್ಯಾಗ್ ಹಾಕಿದೆವು. ಫೋನ್ ತನ್ನಲ್ಲಿರುವ ಗುರುತನ್ನು ಕಳಿಸುತ್ತದೆ, ಬದಲಾಗಿಲ್ಲದಿದ್ದರೆ ಸರ್ವರ್ 304 ಅಂತ ಹೇಳಿ ಸುಮ್ಮನಾಗುತ್ತದೆ. 14 ಕೆಬಿ ಬದಲು ಕೆಲವು ನೂರು ಬೈಟ್. ಆದರೆ ಶುರುವಿಗೆ ಒಂದು ಸಲವೂ 304 ಬರಲಿಲ್ಲ. ಡೇಟಾದ ವಯಸ್ಸನ್ನು ಸೆಕೆಂಡ್ ಲೆಕ್ಕದಲ್ಲಿ ಉತ್ತರದ ಒಳಗೇ ಬರೆದಿದ್ದೆವು. ಅದು ಪ್ರತಿ ಸಲ ಬದಲಾಗುತ್ತದೆ, ಜೊತೆಗೆ ಇಟ್ಯಾಗ್ ಕೂಡ. ವಯಸ್ಸು ತೆಗೆದು ಮೂಲದ ಸಮಯವನ್ನಷ್ಟೇ ಒಳಗೆ ಬಿಟ್ಟೆವು. ಫೋನ್ ಅದನ್ನು ಉತ್ತರದ ತಲೆಯಲ್ಲಿ ಬರುವ ಡೇಟ್ ಜೊತೆ ಹೋಲಿಸಿ ವಯಸ್ಸು ಲೆಕ್ಕ ಹಾಕುತ್ತದೆ. ಇದರಿಂದ ಇನ್ನೊಂದು ತೊಡಕೂ ಹೋಯಿತು. ಕೆಲವರ ಫೋನಿನ ಗಡಿಯಾರ ಮುಂದೋ ಹಿಂದೋ ಇರುತ್ತದೆ, ಅಂಥ ಫೋನಿನಲ್ಲಿ ಮೊದಲು ಮುನ್ಸೂಚನೆ "3 ತಾಸಿನ ನಂತರದ್ದು" ಅಂತ ತೋರಿಸುತ್ತಿತ್ತು.

ಹಂತ 8: ಯಾವ ಸಮಯವನ್ನು ತೋರಿಸಬೇಕು

ಆ್ಯಪ್‌ನಲ್ಲಿ "ಈಗಷ್ಟೇ ತಾಜಾ ಆಗಿದೆ" ಅಂತ ಬರೆಯುತ್ತಿದ್ದೆವು. ನೋಡಿದರೆ ದರ ಮೂರು ದಿನದ ಹಿಂದಿನ ಹರಾಜಿನದ್ದು. ನಾವು ತಂದದ್ದು ಈಗಷ್ಟೇ, ಅದು ನಿಜ. ಆದರೆ ಬೆಳೆಗಾರ ಓದುವುದು ಇದು ಇವತ್ತಿನ ದರ ಅಂತ. ಅದನ್ನು ನಂಬಿ ಕೋಲ್ಡ್ ಸ್ಟೋರೇಜ್‌ನಿಂದ ಮಾಲು ತೆಗೆಸಿದರೆ ನಷ್ಟ ಅವರದ್ದು.

ಪ್ರತಿ ಡೇಟಾಕ್ಕೆ ಈಗ ಮೂರು ಸಮಯ ಇವೆ. ಮೂಲದಲ್ಲಿ ಅದು ಹುಟ್ಟಿದ ಸಮಯ, ನಾವು ತಂದ ಸಮಯ, ಬದಲಾಗಿದೆಯೇ ಅಂತ ಕೊನೆಗೆ ವಿಚಾರಿಸಿದ ಸಮಯ. ಬೆಳೆಗಾರನಿಗೆ ಕಾಣುವುದು ಮೊದಲನೆಯದು ಮಾತ್ರ. ಉಳಿದೆರಡು ನಮ್ಮ ಟೆಲಿಗ್ರಾಂ ಎಚ್ಚರಿಕೆಗೆ.

ಮಳೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆವು. ಹಳೇ "ಮಳೆ ಬರಬಹುದು" ನಂಬಿದರೆ ತಾಡಪತ್ರಿ ಕಟ್ಟಿದ ಕೂಲಿ ಹೋಗುತ್ತದೆ, ಅಷ್ಟೇ. ಹಳೇ "ಮಳೆ ಇಲ್ಲ" ನಂಬಿದರೆ ಶೆಡ್ಡಿಗೆ ಶೆಡ್ಡೇ ಹೋಗುತ್ತದೆ. ಎರಡಕ್ಕೂ ಒಂದೇ ಮಿತಿ ಇಡುವುದು ನ್ಯಾಯವಲ್ಲ. ಹಾಗಾಗಿ 3 ತಾಸು ದಾಟಿದ ಮೇಲೆ "ಮಳೆ ಇಲ್ಲ" ಅನ್ನುವ ಸಾಲನ್ನು ಆ್ಯಪ್ ತೋರಿಸುವುದಿಲ್ಲ. ಅದರ ಜಾಗದಲ್ಲಿ "ಹೊಸ ಮಾಹಿತಿ ಬಂದಿಲ್ಲ, ಆಕಾಶ ನೋಡಿಕೊಳ್ಳಿ" ಅಂತ ಬರುತ್ತದೆ. "ಮಳೆ ಬರಬಹುದು" ಅನ್ನುವುದು ಮಾತ್ರ ತನ್ನ ಸಮಯದ ಜೊತೆ ಕೊನೆ ಮಿತಿವರೆಗೆ ಉಳಿಯುತ್ತದೆ.

ಓದುತ್ತಿರುವಾಗ ಹೊಸ ದರ ಬಂದು ಸಾಲುಗಳು ಜಿಗಿದರೆ ಬೆರಳು ಬೇರೆ ಸಾಲಿನ ಮೇಲೆ ಬೀಳುತ್ತದೆ. ಅದಕ್ಕೆ ಮೇಲೊಂದು ಪಟ್ಟಿ ಇಟ್ಟೆವು, "ಹೊಸ ದರ ಬಂದಿದೆ" ಅಂತ. ಮುಟ್ಟಿದರೆ ಮಾತ್ರ ಬದಲಾಗುತ್ತದೆ.

ಈಗಿನ ಸ್ಥಿತಿ

ಮಳೆ: ತಾಜಾ ಮಿತಿ ಹಗಲು 35 ನಿಮಿಷ, ಕೊನೆ ಮಿತಿ 12 ತಾಸು. ದರ: ತಾಜಾ ಮಿತಿ 20 ನಿಮಿಷ, ಕೊನೆ ಮಿತಿ 7 ದಿನ. ರೆಡಿಸ್‌ಗೆ 64 ಎಂಬಿ ಕೊಟ್ಟಿದ್ದೇವೆ, ಅದರ ಕಾಲುಭಾಗವೂ ತುಂಬುವುದಿಲ್ಲ. ತಿಂಗಳ ಖರ್ಚು ಮೊದಲಿನ ₹500 ಮಾತ್ರ, ಎಪಿಐಗೆ ಒಂದು ಪೈಸೆ ಕೊಟ್ಟಿಲ್ಲ.

ಬಾಕಿ ಇರುವುದು ಎರಡು. ಕೆಲವು ಕಂಪನಿಗಳ ಫೋನ್‌ಗಳು ಬ್ಯಾಟರಿ ಉಳಿಸೋಕೆ ಆ್ಯಪ್ ಅನ್ನೇ ಪೂರ್ತಿ ನಿಲ್ಲಿಸಿಬಿಡುತ್ತವೆ, ಅಲ್ಲಿ ಫೈರ್‌ಬೇಸ್ ಸಂದೇಶವೂ ತಲುಪುವುದಿಲ್ಲ. ಅಂಥವರಿಗೆ ಬ್ಯಾಟರಿ ಸೆಟ್ಟಿಂಗ್ ಬದಲಿಸುವುದನ್ನು ಆ್ಯಪ್‌ನಲ್ಲೇ ಚಿತ್ರ ಸಮೇತ ತೋರಿಸಬೇಕು. ಇಂಟರ್ನೆಟ್ಟೇ ಸಿಗದ ಪಡಗಳಿಗೆ ಎಸ್ಎಂಎಸ್ ಬೇಕು, ಅದಕ್ಕೆ ಡಿಎಲ್‌ಟಿ (ಸಾಮೂಹಿಕ ಎಸ್ಎಂಎಸ್ ಕಳಿಸುವವರ ದಾಖಲಾತಿ ವ್ಯವಸ್ಥೆ) ನೋಂದಣಿ ಮಾಡಿಸಿ ಸಂದೇಶದ ಮಾದರಿಗೆ ಒಪ್ಪಿಗೆ ಪಡೆಯಬೇಕು. ಅರ್ಜಿ ಬರೆಯುತ್ತಿದ್ದೇವೆ. ಮುಂದಿನ ಫೆಬ್ರವರಿಗೆ ಶೆಡ್ಡುಗಳು ತುಂಬುವ ಮೊದಲು ಇವೆರಡೂ ಆಗಬೇಕು.